ಅಪ್ಪನ ಕತ್ತಿಯ ಮುಕ್ಕು

ಅಂಚು ಮೊಂಡು ಮಾಡುವುದು ನನ್ನ ಕಸುಬು. ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳಗಳು ಯಂತ್ರದಿಂದ ಕತ್ತರಿಸಿ ಬೀಳುತ್ತವೆ. ಅವು ಯಾರ ಬೆರಳನ್ನೂ ಕೊಯ್ಯಬಾರದೆಂದು ನಾವು ಎಂಟು ಹೆಂಗಸರು ದಿನವಿಡೀ ನಿಂತು ಅವುಗಳ ಅಂಚು ಉಜ್ಜುತ್ತೇವೆ. ಮನೆಯಲ್ಲಿ ಅಪ್ಪನದು ಇದಕ್ಕೆ ಪೂರಾ ಉಲ್ಟಾ. ಅವನು ಕ್ಷೌರ ಮಾಡುವವನು. ಬಾದಾಮಿ ಕಡೆಯಿಂದ ಘಟ್ಟ ಇಳಿದು ಇಲ್ಲಿಗೆ ಬಂದು, ಮಾರ್ಕೆಟ್ಟಿನ ಗೋಡೆಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಮೂವತ್ತು ವರ್ಷ ಗೌಂಡಿಗಳ, ಲಾರಿಯವರ, ಕಾರ್ಖಾನೆಯವರ ಗಡ್ಡ ಕೆರೆದ.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗತೊಡಗಿತು. ಯಾರಿಗೂ ಗಾಯವಾಗುವ ಮೊದಲೇ ತಾನಾಗಿಯೇ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಬಂದ. ಆದರೆ ತನ್ನ ಗಡ್ಡವನ್ನು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಖೋಲಿಯ ಹಿಂದಿನ ಬಚ್ಚಲಕಲ್ಲಿನ ಹತ್ತಿರ ಕೂತು, ಉದ್ದನೆಯ ಮಡಿಚುಕತ್ತಿ, ನಾವು ವಸ್ತರಾ ಅನ್ನುವುದು, ಅದರಿಂದಲೇ ನಿಧಾನವಾಗಿ ಬೋಳಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ನೀರಿನ ಡ್ರಮ್ಮಿಗೆ ಏನೋ ಟಣ್ಣೆಂದು ಬಡಿದ ಸದ್ದು ಕೇಳಿತು. ಆಮೇಲೆ ಅಪ್ಪ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಾಗೇ ಇಟ್ಟುಕೊಂಡು ಒಳಗೆ ಬಂದು, ಕತ್ತಿಯನ್ನು ಪೆಟ್ಟಿಗೆಯೊಳಗಿಟ್ಟು, ಮುಖ ಒರೆಸಿಕೊಂಡು ಮಲಗಿಬಿಟ್ಟ.

ವಸ್ತರಾ ಮುಕ್ಕಾಗಿದೆ, ಅದಕ್ಕೆ ಗಡ್ಡ ಬಿಟ್ಟಿದ್ದೇನೆ ಎಂದ. ಸಲೂನಿಗೆ ಹೋಗು ಎಂದರೆ ಇನ್ನೊಬ್ಬನ ಕುರ್ಚಿಯಲ್ಲಿ ಕೂರುವುದಿಲ್ಲ ಎಂದ. ಪ್ಲಾಸ್ಟಿಕ್ ರೇಜರ್ ತಂದುಕೊಟ್ಟರೆ ಅದನ್ನು ತಿರುಗಿಸಿ ನೋಡಿ, ಇದು ಹಲ್ಲುಜ್ಜುವುದಕ್ಕೋ ಎಂದು ಕೇಳಿದ. ಬಿಳಿ ಗಡ್ಡ ಬೆಳೆಯುತ್ತ ಹೋಯಿತು. ನಮ್ಮ ಕಡೆ ಗಂಡಸರು ಹಾಗೆ ಗಡ್ಡ ಬಿಡುವುದು ಮನೆಯಲ್ಲಿ ಯಾರಾದರೂ ಸತ್ತಾಗ. ಹದಿನೈದು ದಿನ ಸುಮ್ಮನಿದ್ದ ಅವ್ವ ಕೊನೆಗೆ ರೊಟ್ಟಿ ಬಡಿಯುತ್ತಲೇ ಅಂದಳು:

"ನಾ ಇನ್ನೂ ಜೀವಂತ ಅದೀನ್ರಿ. ಸೂತಕದ ಮಾರಿ ಮಾಡ್ಕೊಂಡು ಯಾಕ ಕುಂತೀರಿ?"

ಅಪ್ಪ ಮತ್ತೆ ವಸ್ತರಾದ ಮುಕ್ಕಿನ ಮಾತೆತ್ತಿದ. ಅವ್ವನಿಗೆ ಸಿಟ್ಟು ಬಂದು, ಕುಣಿಲಾರದವಳು ಅಂಗಳ ಡೊಂಕು ಅಂದಳಂತೆ ಎಂದುಬಿಟ್ಟಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅಪ್ಪ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಕೊಡು ಇಲ್ಲಿ, ನಾನೇ ಸರಿ ಮಾಡುತ್ತೇನೆ ಎಂದೆ.

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಕತ್ತಿ ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ ದಸರೆಯ ಖಂಡೇಪೂಜೆಯ ದಿನ ಅಪ್ಪ ಅದಕ್ಕೆ ವಿಭೂತಿ ಹಚ್ಚುವಾಗ ಚೆಂಡು ಹೂವಿನ ಬುಟ್ಟಿ ಹಿಡಿದು ನಿಲ್ಲುವುದಷ್ಟೇ ನನ್ನ ಪಾಲಿಗಿತ್ತು. ಅಪ್ಪ ಮಂಚದ ಕೆಳಗಿನಿಂದ ಸಾಣೆಕಲ್ಲುಗಳ ಗಂಟು ಎಳೆದು ನನ್ನ ಮುಂದಿಟ್ಟ.

ಮುಕ್ಕು ಅಕ್ಕಿನುಚ್ಚಿನಷ್ಟೇ ಇತ್ತು. ಒದ್ದೆ ಉಗುರಿನ ಮೇಲೆ ಅಲಗನ್ನು ಹಗುರಾಗಿ ಎಳೆದರೆ ಆ ಜಾಗದಲ್ಲಿ ಟಕ್ ಎಂದು ನಿಲ್ಲುತ್ತಿತ್ತು. ಇಷ್ಟಕ್ಕೆ ಏನು ಮಹಾ, ಕಾರ್ಖಾನೆಗೆ ಒಯ್ದು ಚಕ್ರಕ್ಕೆ ಹಿಡಿದರೆ ಎರಡು ನಿಮಿಷದ ಕೆಲಸ ಎಂದೆ. ಚಕ್ರದ ಬಿಸಿಗೆ ಉಕ್ಕಿನ ಹದ ಹೋಗಿ ಅದು ತಗಡಾಗುತ್ತದೆ, ನೀರು ಮತ್ತು ಕಲ್ಲು ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಅಪ್ಪ ಹೇಳಿದ. ಕತ್ತಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಮಲಗಿಸಬೇಕು. ಅದರ ದಪ್ಪ ಬೆನ್ನು, ಹರಿತದ ಬಾಯಿ ಎರಡೂ ಕಲ್ಲಿಗೆ ತಾಗಬೇಕು. ಬಾಯಿ ಮುಂದಾಗಿ ಆಚೆ ತಳ್ಳಿ, ಬೆನ್ನಿನ ಮೇಲೆ ಹೊರಳಿಸಿ, ಈಚೆ ತರಬೇಕು. ಒತ್ತಲೇಬಾರದು. ಮುಕ್ಕಿನ ಆಳದಷ್ಟು ಇಡೀ ಬಾಯಿ ಸವೆಯುವ ತನಕ ಇದೇ ಕೆಲಸ.

ಭಾನುವಾರದ ಮಧ್ಯಾಹ್ನಗಳು ಅದರಲ್ಲಿ ಕರಗಿಹೋದವು. ಮೀನಿನ ಸಾರಿನ ವಾಸನೆ ಇನ್ನೂ ಖೋಲಿಯಲ್ಲಿರುತ್ತಿತ್ತು. ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋಗುತ್ತಿದ್ದಳು. ತಗಡಿನ ಮಾಡಿನ ತೂತಿನಿಂದ ಇಳಿದ ಬಿಸಿಲು ಕಲ್ಲಿನ ಮೇಲಿನ ಬೂದುನೀರಿನಲ್ಲಿ ಕೂತು ನಿಧಾನವಾಗಿ ಆಚೆ ಸರಿಯುತ್ತಿತ್ತು. ತಳ್ಳು, ಹೊರಳಿಸು, ಎಳೆ. ಸರ್, ಸರ್. ಎಷ್ಟೋ ಹೊತ್ತಿನ ಮೇಲೆ ನನ್ನ ಕೈ ಯಾವುದು ಕತ್ತಿ ಯಾವುದು ಎನ್ನುವುದೇ ಮರೆಯುತ್ತಿತ್ತು. ದೂರದಲ್ಲಿ ಪಾವು ಬ್ರೆಡ್ ಮಾರುವವನ ಸೈಕಲ್ಲಿನ ಹಾರ್ನ್ ಕೇಳಿದಾಗಲೇ ಸಂಜೆಯಾದದ್ದು ತಿಳಿಯುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ನಿದ್ದೆಯೆಂದುಕೊಂಡರೆ, ಕತ್ತಿಯ ಬೆನ್ನು ಕಲ್ಲಿನಿಂದ ಎದ್ದಿತು ನೋಡು ಎನ್ನುತ್ತಿದ್ದ. ಖರೇ ಎದ್ದಿರುತ್ತಿತ್ತು. ಕಲ್ಲಿನ ಸದ್ದಿನಲ್ಲೇ ಅವನಿಗೆ ಎಲ್ಲ ಕಾಣುತ್ತಿತ್ತು. ಇಷ್ಟು ವರ್ಷ ಒಂದೇ ಖೋಲಿಯಲ್ಲಿದ್ದೂ ನಾವಿಬ್ಬರು ಹೀಗೆ ಹತ್ತಿರ ಕೂತಿರಲೇ ಇಲ್ಲ. ಈ ಕೆಲಸ ಬೇಗ ಮುಗಿಯದಿರಲಿ ಎಂದು ನನಗೆ ಒಳಗೊಳಗೇ ಆಸೆಯಿತ್ತು.

ಮೂರನೇ ಭಾನುವಾರ ಉಗುರಿನ ಮೇಲೆ ಅಲಗು ಎಲ್ಲೂ ನಿಲ್ಲದೆ ಜಾರಿತು. ನುಣುಪುಕಲ್ಲಿನ ಕೆಲಸವೂ ಮುಗಿಯಿತು. ಆಗ ನಾನು ಮಾಡಿದ್ದನ್ನು ಕೇಳಿ. ಕಾರ್ಖಾನೆಯಲ್ಲಿ ಮುಚ್ಚಳ ಕೆಳಗಿಡುವ ಮೊದಲು ಕೊನೆಗೊಮ್ಮೆ ಪಾಲಿಶ್ ಕಾಗದವನ್ನು ಅಂಚಿನ ಮೇಲೆ ಎಳೆದುಬಿಡುತ್ತೇವೆ. ಕೆಲಸ ಮುಗಿಯಿತೆಂದು ಕೈಗೆ ಗೊತ್ತಾಗುವುದೇ ಆಗ. ಉಡಿಯಲ್ಲಿ ಸದಾ ಒಂದು ಚೂರು ಇದ್ದೇ ಇರುತ್ತದೆ. ತೆಗೆದೆ, ಕತ್ತಿಯ ಬಾಯಿಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದೆ. ಅಪ್ಪ ದಡಕ್ಕನೆ ಎದ್ದು ಕೂತ.

ಮೂರು ವಾರದ ಹರಿತ ಒಂದು ಎಳೆತಕ್ಕೆ ಸತ್ತುಹೋಗಿತ್ತು. ನನ್ನ ಕೈ ಕಡಿಯಬೇಕು ಎಂದು ನಾನು ಬೈದುಕೊಳ್ಳುತ್ತಿದ್ದರೆ ಅಪ್ಪ ನಕ್ಕ. ಕೆಮ್ಮು ಬರುವ ತನಕ ನಕ್ಕ. ಅವ್ವ ಎದ್ದು, ಏನಾಯಿತೆಂದು ಕೇಳಿ, ಅವಳೂ ನಕ್ಕಳು. ಡಬ್ಬಿ ಮುಚ್ಚಳ ಚಲೋ ಆಗಿದೆ, ಇನ್ನು ಡಬ್ಬಿ ಒಂದು ಹುಡುಕು ಎಂದು ಅಪ್ಪನ ಚೇಷ್ಟೆ ಬೇರೆ. ಅವನಿಗೆ ಬೇಸರವೇ ಆಗಿರಲಿಲ್ಲ. ಇನ್ನೊಂದು ವಾರ ಸಿಕ್ಕಿತು ಎನ್ನುವ ಹಾಗೆ ಅವನ ಮುಖ ಸಡಿಲಾಗಿತ್ತು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮರುವಾರ ಕಲ್ಲಿನ ಕೆಲಸ ಮತ್ತೆ ಮಾಡಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದು, ತಲೆಯಿಂದ ಒಂದು ಕೂದಲು ಕಿತ್ತು ಬಾಯಿಗೆ ತಾಗಿಸಿದೆ. ಸದ್ದಿಲ್ಲದೆ ಎರಡಾಯಿತು. ನನ್ನ ಹೆಮ್ಮೆ ಏನು ಕೇಳುತ್ತೀರಿ. ಅವ್ವ ನೀರು ಕಾಸಿದಳು. ಅಪ್ಪ ಬಾಗಿಲಲ್ಲಿ ಕೂತು ನೊರೆ ಹಚ್ಚಿಕೊಂಡು ಕತ್ತಿ ಬಿಚ್ಚಿದ.

ಗಲ್ಲದ ಹತ್ತಿರ ತಂದ. ಕೈ ನಡುಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮತ್ತೆ ತಂದ. ಅಲಗಿನಿಂದ ಹೊರಟ ಬೆಳಕಿನ ಚುಕ್ಕೆ ಗೋಡೆಯ ತುಂಬಾ ಹಾರಾಡಿತು. ಅವ್ವ ನೋಡಲಾರದೆ ಒಳಗೆ ಹೋದಳು. ನೊರೆ ಒಣಗುತ್ತಿತ್ತು. ಈ ಗಳಿಗೆಗೆ ಹೆದರಿಯೇ ಅವನು ಮುಕ್ಕಿನ ಹಿಂದೆ ಅಡಗಿ ಕೂತಿದ್ದ. ನಾನು ದಡ್ಡಿ, ವಾರವಾರ ಕೂತು ಆ ಮರೆಯನ್ನೇ ಸವೆಸಿ ತೆಗೆದಿದ್ದೆ.

ಅಪ್ಪ ಕತ್ತಿಯನ್ನು ಕೆಳಗಿಳಿಸಿ, ಹಿಡಿಕೆಯನ್ನು ನನ್ನ ಕಡೆ ತಿರುಗಿಸಿದ.

"ನನ್ನ ಕಡಿಂದ ಆಗೂದಿಲ್ಲ ಯವ್ವಾ. ನೀನ ಮಾಡು."

ಮತ್ತೆ ನೊರೆ ಹಚ್ಚಿದೆ. ಕಿವಿಯ ಮುಂದಿನ ಚರ್ಮ ಮೇಲಕ್ಕೆಳೆದು ಹಿಡಿ ಎಂದ, ಹಿಡಿದೆ. ಬುದ್ಧಿ ಬಂದ ಮೇಲೆ ನಾನು ಅಪ್ಪನ ಮುಖ ಮುಟ್ಟಿದ್ದು ಅದೇ ಮೊದಲು. ಬೆಚ್ಚಗಿತ್ತು, ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಮೊಣಕಾಲ ಮೇಲಿಟ್ಟ ಅವನ ಕೈ ನಡುಗುತ್ತಲೇ ಇತ್ತು, ಮುಖ ಮಾತ್ರ ಕಲ್ಲಿನಂತೆ ನಿಂತಿತ್ತು. ಗದ್ದದ ಕೆಳಗೆ ಒಂದು ಕಡೆ ಗೀರಿ ರಕ್ತ ಬಂತು. ಪಟಿಕದ ಹರಳು ಒತ್ತು, ನಿಲ್ಲಬೇಡ, ಮುಂದೆ ನಡೆ ಎಂದು ಹಲ್ಲಿನ ಸಂದಿಯಿಂದಲೇ ಹೇಳಿದ. ನಡೆದೆ.

ಮುಗಿದ ಮೇಲೆ ಗಿರಾಕಿಗೆ ಕನ್ನಡಿ ತೋರಿಸಬೇಕು, ಅದು ಪದ್ಧತಿ. ನಾನು ಕನ್ನಡಿ ತಂದು ಎರಡೂ ಕೈಯಲ್ಲಿ ಅವನ ಮುಖದ ಮುಂದೆ ಹಿಡಿದೆ. ಅಪ್ಪ ಕನ್ನಡಿಯೊಳಗೆ ನೋಡಲೇ ಇಲ್ಲ. ಅದನ್ನು ಹಿಡಿದ ನನ್ನ ಕೈಗಳನ್ನೇ ನೋಡುತ್ತಿದ್ದ.

"ನನ್ನ ಕೈನೂ ಹಿಂಗ ಇದ್ದುವು" ಎಂದ.

ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಅತ್ತೆ. ಕನ್ನಡಿ ಅಲ್ಲಾಡಿತು.