ಸ್ನಾನಕ್ಕೆ ಬೀಳದ ಸ್ಟಿಕ್ಕರ್

ನನ್ನಿಂದ ಡಿಗ್ರಿ ಆಗುವ ಮಾತೇ ಇಲ್ಲ ಎಂದವರು ಸಿಡ್ನಿಯ ನನ್ನ ಚಿಕ್ಕಪ್ಪ. ಅದೂ ಊಟಕ್ಕೆ ಕೂತ ನೆಂಟರೆದುರು. "ನಮ್ಮನೇಲಿ ಎಸ್ಸೆಸ್ಸೆಲ್ಸಿ ದಾಟಿದೋರೇ ಇಲ್ಲ. ಇವ್ಳು ಸೋಶಿಯಲ್ ವರ್ಕ್ ಓದ್ತಾಳಂತೆ! ಮೊದ್ಲು ರೆಂಟ್ ಕಟ್ಟೋದು ಕಲಿಯಮ್ಮ." ನಾನು ಮೆಲ್ಬರ್ನ್‌ಗೆ ಹೋಗಿ ಸೇರಿಯೇಬಿಟ್ಟೆ. ಹಗಲು ಕಾಲೇಜು, ಸಂಜೆ ಸೂಪರ್‌ಮಾರ್ಕೆಟ್ಟಿನ ಕೆಲಸ.

ಕೊನೆಯ ವರ್ಷದ ಪ್ಲೇಸ್‌ಮೆಂಟ್, ಅಂದರೆ ಕೆಲಸದ ತರಬೇತಿ, ಮೆಲ್ಬರ್ನಿನದೇ ಕಾಲ್‌ಫೀಲ್ಡ್‌ನಲ್ಲಿ, ಯಹೂದಿ ಸಮುದಾಯದ ಒಂದು ಕಲ್ಯಾಣ ಸಂಸ್ಥೆಯಲ್ಲಿ. ಅಲ್ಲಿನ ಮೇಲ್ವಿಚಾರಕಿ ಸಹಿ ಹಾಕದಿದ್ದರೆ ಡಿಗ್ರಿ ಇಲ್ಲ. ಆ ವರ್ಷ ಎಲ್ಲ ಸೇವೆಗಳನ್ನೂ ನಡೆಸುವ ಶಕ್ತಿ ಸಂಸ್ಥೆಗಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಸಮುದಾಯದವರೇ ಹೇಳಲಿ ಎಂದು ಸಭೆ ಕರೆದರು. ಗೋಡೆಯ ಮೇಲೆ ಒಂದೊಂದು ಸೇವೆಗೂ ಒಂದೊಂದು ದೊಡ್ಡ ಹಾಳೆ. ಬಂದವರ ಕೈಗೆ ಮೂರು ಮೂರು ಸ್ಟಿಕ್ಕರ್, ಬೇಕೆನಿಸಿದ ಸೇವೆಯ ಹಾಳೆಗೆ ಓಟಿನ ಹಾಗೆ ಅಂಟಿಸಲು.

ನಾನು ನೋಡಿಕೊಳ್ಳಬೇಕಿದ್ದ ಅಜ್ಜಿ ನಾಜಿ ಶಿಬಿರದಿಂದ ಬದುಕಿ ಬಂದವರು. ಅಲ್ಲಿ ಷವರ್ ಕೋಣೆ ಎಂದು ನಂಬಿಸಿ ಒಳಗೆ ಕಳಿಸಿ ವಿಷದ ಗಾಳಿ ಬಿಟ್ಟು ಕೊಲ್ಲುತ್ತಿದ್ದರು; ಅಜ್ಜಿ ಈಗಲೂ ಷವರ್ ಕೆಳಗೆ ನಿಲ್ಲುತ್ತಿರಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ ಮಗ್ಗಿನಿಂದ ಹುಯ್ಯಬೇಕು, ನಮ್ಮೂರಿನ ಹಾಗೆ. ಅದಕ್ಕೆಂದೇ ಸಂಸ್ಥೆಯ ಸಹಾಯಕಿ ಬರುತ್ತಿದ್ದಳು. ನನ್ನನ್ನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. "ಹಾಲಿನ ಚಮಚ ಮತ್ತೆ ಮಾಂಸದ ಡ್ರಾಯರಿಗೆ ಹಾಕಿದೀಯ! ನಮ್ಮ ಧರ್ಮದಲ್ಲಿ ಎರಡೂ ಸೇರಬಾರ್ದು ಅಂತ ಎಷ್ಟು ಸಲ ಹೇಳ್ಬೇಕು? ಕಾಲೇಜಲ್ಲಿ ಕಣ್ಣು ಬಿಡೋದು ಕಲಿಸಲ್ವಾ?"

ಸಭೆಯಲ್ಲಿ ಸ್ಟಿಕ್ಕರುಗಳೆಲ್ಲ ಶಾಲೆಗಳ ಹಾಳೆಗೇ ಹೋದವು. ಮನೆಗೆ ಹೋಗಿ ಸ್ನಾನ ಮಾಡಿಸುವ ಸೇವೆಯ ಹಾಳೆ ಬೋಳಾಗಿತ್ತು. ನಾನು ಎದ್ದೆ.

"ಸ್ನಾನಕ್ಕೆ ಜನ ಬೇಕಾದೋರು ಈ ಹಾಲ್‌ವರೆಗೆ ಬರೋಕಾಗಲ್ಲ."

"ಸ್ಟೂಡೆಂಟ್ ಅಲ್ವಾ ನೀವು?" ಅಧ್ಯಕ್ಷರು ನಕ್ಕರು. "ಟೀ ಕಪ್ ಜೋಡಿಸಿ. ನಮ್ಮ ಹಿರಿಯರ ಯೋಚನೆ ನಮಗೆ ಬಿಡಿ. ಬರೋಕಾಗಲ್ಲ ಅಂದ್ರಲ್ಲ, ಅಗೋ, ಒಬ್ರು ಬಂದ್ರು!"

ಮಗಳು ತಳ್ಳುತ್ತಿದ್ದ ಗಾಲಿಕುರ್ಚಿಯಲ್ಲಿ ಅದೇ ಅಜ್ಜಿ. ಗೋಡೆಯ ಹತ್ತಿರ ಹೋಗಿ ಮೂರೂ ಸ್ಟಿಕ್ಕರುಗಳನ್ನು ಶಾಲೆಯ ಹಾಳೆಗೇ ಒತ್ತಿದರು.

"ನಿಮ್ಮ ಸ್ನಾನ?" ಎಂದೆ.

"ಒಂದು ಮಗುವೂ ಉಳಿಯದ ಊರಿಂದ ಬಂದೋಳು ನಾನು. ಮಕ್ಕಳು ಓದ್ಲಿ. ನನ್ನ ಮೈ ನಾರಿದ್ರೆ ನಿನ್ನ ಮೂಗು ಮುಚ್ಕೋ."

ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು. ಮುದುಕಿಯೊಬ್ಬಳು ಸ್ನಾನವಿಲ್ಲದೆ ಇರುತ್ತೇನೆ ಎಂದರೆ ಅದಕ್ಕೆ ಚಪ್ಪಾಳೆ!

ಮಾರನೆಯ ದಿನ ಮೇಲ್ವಿಚಾರಕಿ, "ಹಿರಿಯರೇ ಬೇಡ ಅಂದ್ರು ಅಂತ ವರದಿ ಬರಿ" ಎಂದರು. ಮಕ್ಕಳಿಗಾಗಿ ಬಿಟ್ಟುಕೊಟ್ಟರು, ಬೇಡ ಅನ್ನಲಿಲ್ಲ ಎಂದು ಬರೆದೆ. ಸ್ನಾನವನ್ನು ಓಟಿಗೆ ಹಾಕಿದ್ದೇ ತಪ್ಪು ಎಂದೂ ಬರೆದೆ.

"ಹೀಗಾದ್ರೆ ನಾನು ಸೈನ್ ಮಾಡಲ್ಲ."

"ಮಾಡ್ಬೇಡಿ" ಎಂದು ಹೊರಬಂದೆ. ಇಷ್ಟು ವರ್ಷದ ಓದು ನೀರುಪಾಲಾಗುವುದರಲ್ಲಿತ್ತು. ಆದರೂ ಒಂದಕ್ಷರ ಬದಲಿಸಲಿಲ್ಲ.

ವರದಿ ಹಾಗೇ ಸಂಸ್ಥೆಯ ಸಮಿತಿಗೆ ಹೋಯಿತು. ಅಲ್ಲಿ ಜೋರು ಜಗಳವಾಯಿತು. ಅಧ್ಯಕ್ಷರು ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಸ್ನಾನದ ಸೇವೆಯನ್ನು ಓಟಿನಿಂದ ಹೊರಗಿಟ್ಟು ಉಳಿಸಿಕೊಂಡರು. ಮೇಲ್ವಿಚಾರಕಿಯೂ ಸಹಿ ಹಾಕಿದರು, ಕೆಳಗೆ 'ಹೇಳಿದ ಮಾತು ಕೇಳುವುದಿಲ್ಲ' ಎಂದು ಷರಾ ಬರೆದು.

ಅಜ್ಜಿ ಥ್ಯಾಂಕ್ಸ್ ಹೇಳಲಿಲ್ಲ. "ನನ್ನ ಪರ ಮಾತಾಡು ಅಂತ ನಿನಗ್ಯಾರು ಹೇಳಿದ್ರು?" ಎಂದು ಬೈದರು. ಆಮೇಲೆ, "ನೀರು ಕಾದಿದೆಯಾ ನೋಡು" ಎಂದರು.

ಪದವಿ ಪ್ರದಾನಕ್ಕೆ ಚಿಕ್ಕಪ್ಪ ಬರಲಿಲ್ಲ. ಚಿಕ್ಕಮ್ಮ ಒಬ್ಬರೇ ಸಿಡ್ನಿಯಿಂದ ಬಂದರು. ಹಾಲ್ ಹೊರಗೆ ಕಾಯುವಾಗ ನಡೆದದ್ದನ್ನೆಲ್ಲ ಹೇಳಿದೆ, ಆ ಷರಾವನ್ನೂ ಬಿಡದೆ. ವೇದಿಕೆಯ ಮೇಲೆ ಸರ್ಟಿಫಿಕೇಟ್ ಕೈಗೆ ಬಂತು. ಇಳಿದು ಬಂದವಳೇ ಚಿಕ್ಕಮ್ಮನ ಕೈಗಿಟ್ಟೆ.

"ಈ ದೇಶದಲ್ಲಿ ಎದುರು ಮಾತಾಡಿದ್ರೂ ಡಿಗ್ರಿ ಕೊಡ್ತಾರೇನೇ?" ಎಂದರು. "ನಿಮ್ಮ ಚಿಕ್ಕಪ್ಪ ನಂಗೆ ಹೇಳ್ಲೇ ಇಲ್ಲ ನೋಡು, ನಾನೂ ಒಂದು ತಗೋತಿದ್ದೆ."