ಅಕ್ಕನಿಗೆ ಮಾತ್ರ ತೆರೆದುಕೊಳ್ಳುತ್ತಿದ್ದ ಕಂಪ್ಯೂಟರ್

ನಾನು ಚಿಕ್ಕವಳಿದ್ದಾಗ ಒಂದು ದಿನದ ಮಟ್ಟಿಗೆ ಪತ್ತೇದಾರಿಣಿಯಾಗಿದ್ದೆ, ಮಕ್ಕಳೇ. ಹಿಡಿಯಬೇಕಾಗಿದ್ದ ಕಳ್ಳಿ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಕ್ಕ. ಹೌದು, ಬರುವಾಗಲೆಲ್ಲ ನಿಮಗೆ ಚಕ್ಕುಲಿ ತರುವ ಅದೇ ಮೂಡುಬಿದಿರೆಯ ಅಜ್ಜಿ. ಆಗ ಅವಳಿಗೆ ಇಪ್ಪತ್ತು ವರ್ಷ, ನನಗೆ ಹನ್ನೊಂದು. ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ ನನಗೆ ಹುಟ್ಟಿನಿಂದಲೇ ಬಂದದ್ದು. ಬೆಲ್ಲದ ಡಬ್ಬಿಯ ಮುಚ್ಚಳ ಸ್ವಲ್ಪ ಓರೆಯಾಗಿದ್ದರೂ ಸಾಕು, ಮನೆಯವರೆಲ್ಲರ ಕೈ ಹಿಡಿದು ಮೂಸಿ ನೋಡುತ್ತಿದ್ದೆ. ಹಾಗಾಗಿ ಅಪ್ಪ ಆ ಕೆಲಸಕ್ಕೆ ನನ್ನನ್ನೇ ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಂಟ್ವಾಳ ಪೇಟೆಯಲ್ಲಿ ಅಪ್ಪನದೊಂದು ಟೈಪಿಂಗ್ ಅಂಗಡಿ ಇತ್ತು. ಅರ್ಜಿ, ಕರಾರುಪತ್ರ, ಸಂಘದ ನೋಟಿಸು ಎಲ್ಲವನ್ನೂ ಅಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಕೊಡುತ್ತಿದ್ದರು. ಅಕ್ಕ ಅಲ್ಲಿ ಟೈಪಿಸ್ಟ್. ಆ ವರ್ಷ ಬೇಸಗೆಯಲ್ಲಿ ಅಪ್ಪ ಒಂದು ಕಂಪ್ಯೂಟರ್ ತರಿಸಿದರು. ನಮ್ಮ ಬೀದಿಯಲ್ಲಿ ಬೇರೆ ಯಾರ ಅಂಗಡಿಯಲ್ಲಿಯೂ ಇಲ್ಲದ ವಸ್ತು. ಅದಕ್ಕೆ ಧೂಳು ತಾಗಬಾರದೆಂದು ಅಂಗಡಿಯ ಮೂಲೆಯಲ್ಲಿ ಪ್ಲೈವುಡ್ಡಿನ ಪುಟ್ಟ ಕೋಣೆ ಮಾಡಿಸಿ, ಬಾಗಿಲಿಗೆ ಅಮ್ಮನ ಹಳೆಯ ಸೀರೆಯ ಪರದೆ ಕಟ್ಟಿದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಒಬ್ಬರು ಕೂತರೆ ಇನ್ನೊಬ್ಬರಿಗೆ ನಿಲ್ಲಲು ಜಾಗವಿಲ್ಲ. ಹೊಸ ಪ್ಲೈವುಡ್ಡಿನ ವಾಸನೆ, ಪ್ರಿಂಟರಿನ ರಿಬ್ಬನ್ನಿನ ಶಾಯಿ ವಾಸನೆ, ಮೇಜಿನ ಫ್ಯಾನು ಬೀಸುವ ಬಿಸಿಗಾಳಿ ಸೇರಿ ಒಳಗೆ ಸೆಕೆಯೋ ಸೆಕೆ. ಕತ್ತಲೆಯಂಥ ಗಾಜಿನ ಮೇಲೆ ಹಸುರು ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ನೋಡಲು ನಾನು ಪರದೆಯ ಸಂದಿಯಲ್ಲಿ ಮೂಗು ತೂರಿಸಿ ನಿಲ್ಲುತ್ತಿದ್ದೆ.

ಆ ಕಂಪ್ಯೂಟರಿಗೆ ತಾನಾಗಿ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರಿಸಲು ಬೇರೆಯೇ ಒಂದು ಪ್ರೋಗ್ರಾಂ ಫ್ಲಾಪಿಯಲ್ಲಿ ಬಂದಿತ್ತು. ಅದನ್ನು ಯಾರೂ ಕದ್ದು ನಕಲು ಮಾಡಬಾರದೆಂದು, ಪ್ರೋಗ್ರಾಂ ತಯಾರಿಸಿದವರು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಜೊತೆಗೆ ಕೊಟ್ಟಿದ್ದರು. ಅದಕ್ಕೆ ಲಾಕ್ ಎನ್ನುತ್ತಿದ್ದರು. ಲಾಕನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ, ಪ್ರಿಂಟರಿನ ವಯರನ್ನು ಲಾಕಿನ ಬೆನ್ನಿಗೆ ಸಿಕ್ಕಿಸಬೇಕು. ಪ್ರೋಗ್ರಾಂ ತೆರೆಯುವಾಗ ಮೊದಲು ಲಾಕ್ ಇದೆಯೇ ಎಂದು ಹುಡುಕುತ್ತದೆ. ಕಂಡರೆ ಕನ್ನಡ ಬರುತ್ತದೆ. ಕಾಣದಿದ್ದರೆ ‘ಲಾಕ್ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಗುತ್ತದೆ. ಯಂತ್ರಕ್ಕೂ ಮನುಷ್ಯರ ಮೇಲೆ ಸಂಶಯ ನೋಡಿ! ನನಗೆ ಅದರ ಮೇಲೆ ತುಂಬ ಗೌರವ ಬಂತು.

ಕಂಪ್ಯೂಟರ್ ಜೋಡಿಸಲು ಬಂದವರು ಎರಡು ದಿನ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳಿಕೊಟ್ಟು ಹೋದರು. ಮೂರು ವಾರ ಅವಳೇ ನಡೆಸಿದಳು. ಒಂದು ದಿನವೂ ತಕರಾರಿಲ್ಲ. ಅಷ್ಟರಲ್ಲಿ ಅಣ್ಣ ಮಂಗಳೂರಿನಿಂದ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಹಿಡಿದುಕೊಂಡು ಬಂದ. ಇನ್ನು ಆ ಕುರ್ಚಿ ಅಣ್ಣನದು ಎಂದು ಮನೆಯಲ್ಲಿ ಎಲ್ಲರೂ ತಿಳಿದುಕೊಂಡಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. “ನಾನೇ ಮಾಡ್ತೇನಲ್ಲ ಅಪ್ಪಾ. ನನ್ನಿಂದ ಎಂತ ತಪ್ಪಾಗಿದೆ?” ಎಂದು ಅವಳು ಕೇಳಿದಳು. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತರು.

ಆದರೆ ಅಣ್ಣ ಕುರ್ಚಿಯಲ್ಲಿ ಕೂತರೆ ಕಂಪ್ಯೂಟರ್ ಒಪ್ಪಬೇಕಲ್ಲ! ‘ಲಾಕ್ ಇಲ್ಲ’ ಎಂದಿತು. ಲಾಕನ್ನು ಕಿತ್ತು, ಊದಿ, ಒರೆಸಿ, ಮತ್ತೆ ಸಿಕ್ಕಿಸಿದರೂ ಅದೇ ಮಾತು. ಅವನು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಬೆವರು ಒರೆಸುತ್ತ ಹೊರಗೆ ಬಂದ. ಅಕ್ಕ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಐದೇ ನಿಮಿಷದಲ್ಲಿ ಕನ್ನಡ ಬಂತು. ಎರಡು ದಿನದಲ್ಲಿ ನಾಲ್ಕು ಸಲ ಹೀಗೆಯೇ ಆಯಿತು. ಅಣ್ಣನ ಮುಖ ಕೆಂಪಾಯಿತು.

“ಇವಳು ಎಂತದೋ ಮಾಡಿಟ್ಟಿದ್ದಾಳೆ ಅಪ್ಪಾ. ಬೇರೆಯವರು ಕೂತರೆ ಅದು ತೆರೆಯಬಾರದು ಅಂತ.”

“ನಾನು ಎಂತ ಸಹ ಮಾಡಿಲ್ಲ,” ಎಂದಳು ಅಕ್ಕ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳ ಕೈ ಪಕ್ಕದಲ್ಲಿದ್ದ ಊಟದ ಚೀಲದ ಮೇಲೆ ಹೋಯಿತು. ಅಪ್ಪ ಅದನ್ನು ನೋಡಲಿಲ್ಲ. ನಾನು ನೋಡಿದೆ, ಮನೆಗೆ ಹೋದ ಮೇಲೆ ಅಪ್ಪನಿಗೆ ಹೇಳಿಯೂ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಅಪ್ಪ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು, “ಹೇಗೂ ನಿಂಗೆ ದೊಡ್ಡ ರಜೆ ಅಲ್ವಾ? ಅಂಗಡಿಗೆ ಬಾ. ಅಕ್ಕನ ಕೈಯನ್ನೇ ನೋಡ್ತಾ ಇರು. ಎಂತೆಲ್ಲ ಮಾಡ್ತಾಳೆ, ಒಂದೂ ಬಿಡದೆ ಬರ್ಕೊ. ಅವಳಿಗೆ ಗೊತ್ತಾಗುವುದು ಬೇಡ.”

ನನ್ನ ಎದೆ ಉಬ್ಬಿಹೋಯಿತು. ಐದನೇ ಕ್ಲಾಸಿನ ಕಾಪಿ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳನ್ನು ಹರಿದು, ಮಡಚಿ, ಗಿಡ್ಡ ಪೆನ್ಸಿಲಿನ ಜೊತೆ ಲಂಗದ ಜೇಬಿಗೆ ಹಾಕಿಕೊಂಡೆ. ಅಂಗಡಿಗೆ ಹೋದವಳೇ, ಪ್ರಿಂಟರಿನ ಕಾಗದದ ಎರಡೂ ಅಂಚಿನಲ್ಲಿ ಬರುವ ತೂತಿನ ಪಟ್ಟಿಗಳು ಮಾಲೆ ಮಾಡಲು ಬೇಕು ಎಂಬ ನೆವ ಹೇಳಿ, ಅಕ್ಕನಿಗಿಂತ ಮೊದಲೇ ಕೋಣೆಯೊಳಗೆ ನುಗ್ಗಿ ಮೇಜಿನ ಕೆಳಗೆ ಕೂತುಬಿಟ್ಟೆ. ಅಕ್ಕ ನನ್ನನ್ನು ನೋಡಿ ನಕ್ಕಳು. ಚೀಲದಿಂದ ಪೆಪ್ಪರಮಿಂಟು ತೆಗೆದು ಕೊಟ್ಟು, “ನೀನಾದರೂ ನನ್ನ ಕಡೆ ಇದ್ದೀಯಲ್ಲ ಪುಟ್ಟೀ, ಅಷ್ಟು ಸಾಕು,” ಎಂದಳು. ನನ್ನ ಕಿವಿ ಬಿಸಿಯಾಯಿತು. ಆದರೂ ಪೆನ್ಸಿಲು ಬಿಡಲಿಲ್ಲ.

ನಾನು ಬರೆದುಕೊಂಡದ್ದು ಇಷ್ಟು. ಒಂದು, ಪ್ರಿಂಟರಿನ ಸ್ವಿಚ್ಚು ಹಾಕಿದಳು. ಎರಡು, ಮೂಗು ಉಜ್ಜಿದಳು. ಮೂರು, ಕಂಪ್ಯೂಟರಿನ ಸ್ವಿಚ್ಚು ಹಾಕಿದಳು. ನಾಲ್ಕು, ಏನೇನೋ ಒತ್ತಿದಳು, ಪ್ರಿಂಟರ್ ಒಂದೇ ಒಂದು ಸಲ ಕರ್ರೆಂದಿತು. ಐದು, ಕಾಗದದ ಆ ತುಂಡನ್ನು ಮೆಲ್ಲಗೆ ಹರಿದು, ಕಣ್ಣಿಗೊತ್ತಿಕೊಂಡು, ಊಟದ ಚೀಲದಲ್ಲಿ ಅಡಗಿಸಿದಳು. ಐದನೆಯದರ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಪ್ರೋಗ್ರಾಂ ತೆರೆಯಿತು, ಕನ್ನಡ ಬಂತು. ಇನ್ನೇನು ಬೇಕು? ಆ ಚೀಟಿಯಲ್ಲಿ ಮಂತ್ರವೋ ಮಾಟವೋ ಇರಲೇಬೇಕು ಎಂದು ನನಗೆ ಖಾತ್ರಿಯಾಯಿತು. ಯಾರಿಗೋ ಬರೆದ ಪ್ರೇಮಪತ್ರವೂ ಆಗಿರಬಹುದು ಎಂಬ ಸಂಶಯವನ್ನು ಕೂಡ ಒಂದು ಮೂಲೆಯಲ್ಲಿ ಇಟ್ಟುಕೊಂಡೆ.

ಹೊರಗೆ ಓಡಿ ಅಪ್ಪನ ಕೈಗೆ ಪಟ್ಟಿ ಕೊಟ್ಟೆ. ಆಗ ಅಂಗಡಿಯಲ್ಲಿ ವಾಮದಪದವಿನ ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಂ ವ್ಯಾಪಾರಿಯೊಬ್ಬರು, ಕೂತಿದ್ದರು. ಅವರ ಹೊಸ ಜವುಳಿ ಅಂಗಡಿ ಎರಡು ದಿನದಲ್ಲಿ ತೆರೆಯುವುದಿತ್ತು. ಅದರ ನೋಟಿಸುಗಳನ್ನು ಹಿಡಿದುಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಅವರು ಹೋಗಬೇಕಿತ್ತು. ಹೊರಗಿನವರು ಇದ್ದಾರೆಂದೂ ನೋಡದೆ ಅಪ್ಪ ಅಕ್ಕನನ್ನು ಕರೆದು, ಊಟದ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬುತ್ತಿಯ ಡಬ್ಬಿಯೊಂದಿಗೆ ಮೂವತ್ತು ನಲವತ್ತು ಕಾಗದದ ತುಂಡುಗಳು ಬಿದ್ದವು. ಅಣ್ಣ ಒಂದನ್ನೆತ್ತಿ ಓದಿದ. ಇನ್ನೊಂದನ್ನೆತ್ತಿದ. ಎಲ್ಲದರಲ್ಲಿಯೂ ಇಂಗ್ಲಿಷಿನ ಮೂರೇ ಅಕ್ಷರ, ಎಸ್ ಆರ್ ಐ: ಶ್ರೀ.

ಅಕ್ಕನ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಮೊದಲು ಶ್ರೀ ಹಾಕದೆ ಯಾವ ಕಾಗದವನ್ನೂ ಬರೆಯಬಾರದು ಅಂತ ನಂಗೆ ಕಲಿಸಿದ್ದು ನೀವೇ ಅಲ್ವಾ? ಪ್ರೋಗ್ರಾಂ ತೆರೆಯುವ ಮೊದಲು ಅದಕ್ಕೆ ಕನ್ನಡ ಬರುವುದಿಲ್ಲ, ಇಂಗ್ಲಿಷಿನಲ್ಲೇ ಹಾಕಿದೆ. ಕಾಗದ ದಂಡ ಮಾಡಬೇಡ ಅಂತ ಹೇಳಿದ್ದು ಸಹ ನೀವೇ. ಅದಕ್ಕೇ ಅಡಗಿಸಿಟ್ಟೆ. ಕೇಳಿದ್ದರೆ ಹೇಳ್ತಿದ್ದೆ. ಇವಳನ್ನು ನನ್ನ ಕಾವಲಿಗೆ ಬಿಡಬೇಕಿತ್ತಾ?”

ಅವಳು ನನ್ನ ಕಡೆ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು. ಬಾಯಿಯಲ್ಲಿದ್ದ ಪೆಪ್ಪರಮಿಂಟನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಾನು ನಿಂತಿದ್ದೆ.

ಬ್ಯಾರಿಗಳೇ ಬಾಯಿ ಬಿಟ್ಟರು. “ಇದಕ್ಕೆ ಆ ಹುಡುಗಿಯನ್ನು ಅಳಿಸುವುದಾ ಮಾರ್ರೆ? ನಮ್ಮಲ್ಲಿ ಸಹ ಮೇಲೆ ದೇವರ ಹೆಸರಿಗೆ ಏಳುನೂರ ಎಂಬತ್ತಾರು ಅಂತ ಹಾಕದೆ ಲೆಕ್ಕದ ಪುಸ್ತಕ ಬರೆಯುವುದಿಲ್ಲ. ಒಳ್ಳೇ ಕೆಲಸವೇ ಮಾಡಿದ್ದಾಳೆ ಅವಳು.”

ಅಪ್ಪ ತಲೆ ತಗ್ಗಿಸಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹಳೆಯ ಟೈಪ್‌ರೈಟರಿನ ಮುಂದೆ ಹೋಗಿ ಕೂತಳು. “ಇನ್ನು ನಾನು ಆ ಕೋಣೆಯ ಒಳಗೆ ಹೋಗುವುದಿಲ್ಲ,” ಎಂದಳು. ಅದೇ ಹೊತ್ತಿಗೆ ಕರೆಂಟು ಹೋಯಿತು, ಅಣ್ಣ ಕೋಣೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಬಂದ. ಫ್ಯಾನು ನಿಂತಿತು. ಮಧ್ಯಾಹ್ನದ ಊಟದ ಹೊತ್ತು ಕಳೆಯುವವರೆಗೂ ಎಲ್ಲರೂ ಬೆವರುತ್ತ ಕೂತೆವು.

ಕರೆಂಟು ಬಂದಾಗ ಗಂಟೆ ಎರಡೂವರೆ. ಅಣ್ಣ ಒಳಗೆ ಹೋಗಿ ಕೂತ. ‘ಲಾಕ್ ಇಲ್ಲ’. ಬ್ಯಾರಿಗಳು ಗಡಿಯಾರ ನೋಡಿದರು. ಅಪ್ಪ ಅಕ್ಕನನ್ನು ನೋಡಿದರು. ಅವಳು ಟೈಪ್ ಮಾಡುತ್ತಲೇ ಇದ್ದಳು, ಟಕ ಟಕ ಟಕ. ಅವಳೇನೂ ಮಾಟ ಮಾಡಿಲ್ಲ ಎಂದ ಮೇಲೆ ಅವಳಿಗೆ ತೆರೆಯುವುದು ಇವನಿಗೇಕೆ ತೆರೆಯುವುದಿಲ್ಲ? ನನ್ನ ಸಂಶಯ ಈಗ ಅಕ್ಕನನ್ನು ಬಿಟ್ಟು ಅಣ್ಣನ ಮೇಲೆ ಹೋಯಿತು. ಮೇಜಿನ ಮೇಲಿದ್ದ ನನ್ನ ಪಟ್ಟಿ ಎತ್ತಿಕೊಂಡು ಪರದೆಯ ಹೊರಗೆ ನಿಂತು, “ಅಣ್ಣ, ಅಕ್ಕ ಮಾಡಿದ ಹಾಗೇ ಮಾಡು. ಒಂದು, ಪ್ರಿಂಟರಿನ ಸ್ವಿಚ್ಚು,” ಎಂದು ಓದಿದೆ.

“ಪ್ರಿಂಟ್ ತೆಗೆಯುವಾಗ ಮಾತ್ರ ಅದರ ಸ್ವಿಚ್ಚು ಹಾಕಬೇಕು ಅಂತ ನಮಗೆ ಕಲಿಸಿದ್ದು. ಮೊದಲೇ ಹಾಕಿದರೆ ಕರೆಂಟು ದಂಡ,” ಎಂದು ಅವನು ಗೊಣಗಿದ.

“ಎರಡು, ಮೂಗು ಉಜ್ಜು.”

“ಅದು ಬೇಡ ಮಾರಾಯ್ತಿ!”

ಗೊಣಗುತ್ತಲೇ ಕಂಪ್ಯೂಟರ್ ಆರಿಸಿ, ಮೊದಲು ಪ್ರಿಂಟರಿನ ಸ್ವಿಚ್ಚು ಹಾಕಿದ, ಆಮೇಲೆ ಕಂಪ್ಯೂಟರಿನದು. ಶ್ರೀಯನ್ನೂ ಬಿಟ್ಟು ನೇರ ಪ್ರೋಗ್ರಾಂ ತೆರೆದ. ಕನ್ನಡ ಬಂತು! ಅವನಿಗೇ ನಂಬಿಕೆ ಬರಲಿಲ್ಲ. ಪ್ರಿಂಟರ್ ಆರಿಸಿ ಮತ್ತೆ ಮೊದಲಿನಿಂದ ನೋಡಿದ, ಲಾಕ್ ಇಲ್ಲ. ಹಾಕಿ ನೋಡಿದ, ಲಾಕ್ ಉಂಟು. ಮೂರು ಸಲ ಹಾಗೆ ಮಾಡಿದ ಮೇಲೆ ಹೊರಗೆ ಬಂದು ಅಪ್ಪನಿಗೆ ವಿವರಿಸಿದ. ಲಾಕ್ ಬದುಕುವುದು ಕಂಪ್ಯೂಟರ್ ಕೊಡುವ ಒಂದು ಚೂರು ಕರೆಂಟಿನಲ್ಲಿ. ಲಾಕಿನ ಹಿಂದೆಯೇ ಪ್ರಿಂಟರ್ ಇದೆ. ಅದು ಆರಿದ್ದರೆ ಆ ಚೂರನ್ನೂ ತಾನೇ ಎಳೆದುಕೊಳ್ಳುತ್ತದೆ. ಆಗ ಲಾಕ್ ಇದ್ದೂ ಇಲ್ಲದಂತೆ. ಅಕ್ಕ ದಿನಾ ಶ್ರೀ ಹಾಕಲು ಮೊದಲು ಪ್ರಿಂಟರನ್ನು ಎಬ್ಬಿಸುತ್ತಿದ್ದಳು. ಗುಟ್ಟು ಅಷ್ಟೇ.

ನೋಟಿಸುಗಳು ನಾಲ್ಕು ಗಂಟೆಯ ಬಸ್ಸು ಹತ್ತಿದವು. ಅಪ್ಪ ಅಕ್ಕನ ಹತ್ತಿರ ಹೋಗಿ ನಿಂತು, “ತಪ್ಪು ನನ್ನದೇ ಮಗಾ. ಇನ್ನು ಕಾಗದ ಹೋದರೆ ಹೋಗಲಿ, ನೀನು ಶ್ರೀ ಹಾಕು,” ಎಂದರು. ಅಕ್ಕನ ಮುಖದಲ್ಲಿ ಸಣ್ಣ ನಗು ಬಂತು. ಅಣ್ಣ ನನಗೆ ಗೋಲಿ ಸೋಡಾ ಕುಡಿಸಿದ. ಅಕ್ಕನ ಮೇಲಿದ್ದ ಅಪವಾದ ಕಳೆದದ್ದು ನನ್ನಿಂದಲೇ ಎಂದು ನಾನು ಮನೆಯವರೆಗೂ ಕುಣಿಯುತ್ತ ಹೋದೆ.

ಮರುದಿನ ಬೆಳಿಗ್ಗೆ ಅಣ್ಣ ಚಪ್ಪಲಿ ಹೊರಗೆ ಬಿಟ್ಟು, ಪ್ರಿಂಟರಿನ ಸ್ವಿಚ್ಚು ಹಾಕಿ, ಕುರ್ಚಿಯಲ್ಲಿ ಕೂತ. ಕನ್ನಡ ಬಂತು. ಅಕ್ಕನನ್ನು ಕರೆಯಬೇಕಾದ ಅಗತ್ಯವೇ ಬೀಳಲಿಲ್ಲ. ಅದರ ಮರುದಿನವೂ ಬೀಳಲಿಲ್ಲ. ಅವಳು ಒಂದು ವಾರ ಪರದೆಯ ಕಡೆ ನೋಡುತ್ತ ಟೈಪ್ ಮಾಡಿದಳು, ಆಮೇಲೆ ನೋಡುವುದನ್ನೂ ಬಿಟ್ಟಳು. ಎರಡು ವರ್ಷ ಕಳೆದು ಮದುವೆಯಾಗಿ ಮೂಡುಬಿದಿರೆಗೆ ಹೋಗುವವರೆಗೆ ಅವಳು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಅವಳು ಕಳ್ಳಿಯಲ್ಲ ಎಂದು ತೋರಿಸಿಕೊಟ್ಟ ನನ್ನ ಪಟ್ಟಿಯೇ ಅವಳ ಕುರ್ಚಿಯನ್ನು ಕಿತ್ತುಕೊಂಡಿತು. ಇದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು, ಹೊಳೆದ ದಿನದಿಂದ ಸಂಕಟ ಹೋಗಿಲ್ಲ.

ನಿಮ್ಮ ಕಾಲದಲ್ಲಿ ಈ ರಗಳೆಗಳೊಂದೂ ಇಲ್ಲ. ಪ್ರಿಂಟರ್ ಒಂದು ಕೋಣೆಯಲ್ಲಿ, ಫೋನು ಇನ್ನೊಂದು ಕೋಣೆಯಲ್ಲಿ, ನಡುವೆ ವಯರೂ ಇಲ್ಲ, ಆದರೂ ಒಂದಕ್ಕೊಂದು ಒಪ್ಪುತ್ತವೆ. ಕನ್ನಡ ಬೇಕೆಂದರೆ ಕನ್ನಡ, ತುಳು ಬೇಕೆಂದರೆ ತುಳು. ಯಾವುದರ ಹಿಂದೆ ಏನು ಸಿಕ್ಕಿಸಿದೆ ಎಂದು ನೀವು ಬಗ್ಗಿ ನೋಡಿದವರಲ್ಲ. ಕಳೆದ ತಿಂಗಳು ಅಕ್ಕ ಬಂದಿದ್ದಾಗ ಅವಳ ಹೊಸ ಫೋನನ್ನು ಸುತ್ತುವರಿದು ಕೂತಿದ್ದಿರಿ, ನೆನಪಿದೆಯೇ? ಗುಟ್ಟಿನ ನಂಬರನ್ನು ಅವಳು ನಿಮ್ಮೆಲ್ಲರ ಎದುರಿನಲ್ಲಿಯೇ ಒಂದೊಂದಾಗಿ ಒತ್ತಿ ತೋರಿಸುತ್ತಿದ್ದಳು. ಅಷ್ಟರಲ್ಲಿ ನಾನು ಚಹಾ ಹಿಡಿದುಕೊಂಡು ಬಂದೆ. ಅಕ್ಕ ಫೋನನ್ನು ಸ್ವಲ್ಪ ಆಚೆಗೆ ತಿರುಗಿಸಿಕೊಂಡು, ಇನ್ನೊಂದು ಕೈಯನ್ನು ಅಡ್ಡ ಹಿಡಿದಳು. ನಾನು ಚಹಾ ಇಟ್ಟು ಒಳಗೆ ಹೋದೆ.