ಪಲ್ಲವಿ ಮುಗಿಯುವುದರೊಳಗೆ

ಭಾನುವಾರ ಸಂಜೆ ಐದಕ್ಕೆ ನಾನು ವಸಂತ್ ಕುಂಜ್‌ನ ಸಮುದಾಯ ಭವನದಲ್ಲಿ, ವೇದಿಕೆಯ ಎಡಗಡೆಯ ಕಂಬದ ಪಕ್ಕ ನಿಂತಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅಕ್ಕನ ಮಗಳು ಅದಿತಿ ಯುರೋಪಿನ ಬರೋಕ್ ಕಾಲದ ಪಿಟೀಲು ಕಾನ್ಚೆರ್ಟೊ ನುಡಿಸುತ್ತಿದ್ದಳು. ಅದರಲ್ಲಿ ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ನಮ್ಮ ಪಲ್ಲವಿಯಂತೆ ಒಂದು ಸಾಲನ್ನು ಇಡೀ ಮೇಳ ತಿರುತಿರುಗಿ ನುಡಿಸುತ್ತದೆ. ನಡುವೆ ಒಂಟಿ ಪಿಟೀಲು ಹಾರಾಡುತ್ತದೆ. ಅದಿತಿ ಇವತ್ತು ಎಡವಿದರೆ ಮುಂದಿನ ಸಲ ಆ ಒಂಟಿ ಪಿಟೀಲು ಮೇಳದ ಮೊದಲ ಕುರ್ಚಿಯಲ್ಲಿ ಕೂತು ಉಳಿದ ಪಿಟೀಲುಗಳನ್ನು ಮುನ್ನಡೆಸುವ ಸಾರಾಳಿಗೆ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಸಾರಾ ಮಂಗಳೂರಿನವಳು, ಬೆಳೆದದ್ದು ಇಲ್ಲೇ, ಹಿಂದಿಯ ನಡುವೆ.

ಕೊನೆಯ ಭಾಗದಲ್ಲಿ ಅದಿತಿಯ ಪಿಟೀಲಿನ ತೆಳು ತಂತಿ ಠಪ್ಪೆಂದು ಹರಿಯಿತು.

“ಮುಗೀತು ಕಣೋ!” ಪಕ್ಕದಲ್ಲಿದ್ದ ಅಕ್ಕ ನನ್ನ ತೋಳು ಹಿಡಿದಳು.

ಅಷ್ಟರಲ್ಲಿ ಮೇಳ ಪಲ್ಲವಿಗೆ ಮರಳಿತು. ಸಾರಾ ಎದ್ದು ತನ್ನ ಪಿಟೀಲನ್ನೇ ಚಾಚಿದಳು. “ಚಲೋ, ಬಜಾ!” ನುಡಿಸು ಎಂದಳು. ಪಲ್ಲವಿ ಮುಗಿಯುವುದರೊಳಗೆ ಅದು ಅದಿತಿಯ ಗದ್ದದ ಕೆಳಗಿತ್ತು. ನಾನು ಕೇಳಿದಂತೆ ಒಂದು ಸ್ವರವೂ ತಪ್ಪಲಿಲ್ಲ! ಸಾರಾ ಅದಿತಿಯ ತಂತಿ ಹರಿದ ಪಿಟೀಲು ತೆಗೆದುಕೊಂಡು ಉಳಿದ ಮೂರೇ ತಂತಿಗಳಲ್ಲಿ ಮೇಳದ ಜೊತೆ ನುಡಿಸಿದಳು.

ಆಮೇಲೆ ಅವಳನ್ನೇ ಕೇಳಿದೆ, ಯಾಕೆ ಕೊಟ್ಟೆ ಎಂದು.

“ರೂಲ್ ಹೈ ಅಂಕಲ್. ತಂತಿ ಹೋದ್ರೆ ಫಸ್ಟ್ ಚೇರ್‌ನವ್ರು ಕೊಡ್ಲೇಬೇಕು. ನೆಕ್ಸ್ಟ್ ಟೈಮ್ ಸೋಲೋ ನಂದೇ, ಅಚ್ಛಾ?”

ನಂಬದವರು ಅಕ್ಕನನ್ನು ಕೇಳಬಹುದು. ನಮ್ಮ ಹಿಂದೆ ಕೂತಿದ್ದ ಸಾರಾಳ ಅಜ್ಜಿಯೂ ನೋಡಿದ್ದಾರೆ, ವಯಸ್ಸಾಗಿದ್ದರೂ ಅವರ ಕಣ್ಣು, ಕಿವಿ ಗಟ್ಟಿಯಾಗಿವೆ. ಎಲ್ಲರಿಗಿಂತ ಮೊದಲು ಎದ್ದು ಅದಿತಿಗೆ ಚಪ್ಪಾಳೆ ತಟ್ಟಿದವರು ಅವರೇ.